ಮೊದಲ ಹಿಟ್ಟು

ಹೊಳನಗದ್ದೆ, ತಾ. ಕುಮಟಾ
೧೧ ಜನವರಿ ೧೯೪೪

ಹೊನ್ನಾವರ ಪೇಟೆಯ ಪಾವಿನ ಅಂಗಡಿಯ ಇನಾಸ್ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ಮೋಟಾರಿನ ಕಂಡಕ್ಟರ್ ಮಾದೇವನ ಕೈಯಲ್ಲಿ ವಾರಕ್ಕೆ ಎರಡು ಸಲ ನಿಮ್ಮಿಂದ ಆರಾರು ಪಾವು ರೊಟ್ಟಿ ತರಿಸುತ್ತಿದ್ದ ಮಾಸ್ತರ ಮನೆಯವಳು ನಾನು. ನಾಲ್ಕು ವಾರಗಳಿಂದ ಪಾವು ಬಂದಿಲ್ಲ. ಕೇಳಿದರೆ ಮಾದೇವ "ಅಂಗಡಿ ಬಾಗ್ಲು ಹಾಕಿದ್ರು" ಎನ್ನುತ್ತಾನೆ, ಮುಂದೆ ಮಾತಾಡುವುದಿಲ್ಲ.

ಪಾವು ನಮ್ಮ ಮನೆಯ ತಿಂಡಿಯಲ್ಲ. ಮಗಳು ಸುಮತಿಗೆ ಆರು ವರ್ಷ. ನವರಾತ್ರಿಯಲ್ಲಿ ಬಂದ ವಿಷಮಜ್ವರ ದೀಪಾವಳಿಗೆ ಬಿಟ್ಟಿತು. ಅಲ್ಲಿಂದೀಚೆಗೆ ಅನ್ನ ಕಂಡರೆ ತುಟಿ ಬಿಗಿಯುತ್ತಾಳೆ. ಗಂಜಿ ಕುಡಿಸಿದರೆ ನಿಲ್ಲುವುದಿಲ್ಲ. ಡಾಕ್ಟರು ಹೇಳಿದಂತೆ ಹಾಲಿನಲ್ಲಿ ಅದ್ದಿದ ಪಾವು ಮಾತ್ರ ನಿಲ್ಲುತ್ತಿತ್ತು. ಈಗ ಬರಿಯ ಹಾಲಿನ ಮೇಲಿದ್ದಾಳೆ. ಅವಳ ಕೈಬಳೆ ಈಗ ಮೊಣಕೈ ದಾಟಿ ಮೇಲೆ ಹೋಗುತ್ತದೆ. ಮೊನ್ನೆ ಡಾಕ್ಟರು, ಹೊಟ್ಟೆಗೆ ಏನಾದರೂ ಹೋಗಬೇಕು, ಹೋಗದಿದ್ದರೆ ನನ್ನ ಹತ್ತಿರ ಬೇರೆ ಔಷಧವಿಲ್ಲ ಎಂದರು.

ಎರಡು ಪ್ರಶ್ನೆ. ಅಂಗಡಿ ಯಾವಾಗ ತೆರೆಯುತ್ತದೆ? ತೆರೆಯುವುದು ತಡವಾದರೆ ಪಾವನ್ನು ಮನೆಯಲ್ಲಿ ಮಾಡಲು ಬರುತ್ತದೆಯೇ? ರೇಶನ್ನಿನಲ್ಲಿ ಅಕ್ಕಿಯ ಬದಲು ಗೋಧಿ ಕೊಟ್ಟಿದ್ದಾರೆ. ಅದನ್ನು ಏನು ಮಾಡಬೇಕೆಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಉತ್ತರಕ್ಕೆ ಟಪಾಲು ಚೀಟಿ ಇಟ್ಟಿದ್ದೇನೆ.

ವನಮಾಲಾ

*

ಹೊನ್ನಾವರ
೧೭ ಜನವರಿ ೧೯೪೪

ಮಾಸ್ತರ ಮನೆಯ ಅಮ್ಮನವರಿಗೆ,

ನಿಮ್ಮ ಪತ್ರ ಬಂತು. ನಾನು ಇನಾಸರ ಹೆಂಡತಿ ನತಾಲಿನ್. ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿದ್ದೇನೆ, ತಪ್ಪಿದ್ದರೆ ಮಾಸ್ತರಿಗೆ ತೋರಿಸಬೇಡಿ.

ಅಂಗಡಿ ಯಾವಾಗ ತೆರೆಯುವುದೋ ಹೇಳಲಾರೆ. ಮೈದಾದ ಪರ್ಮಿಟ್ ಅವರ ಹೆಸರಿನಲ್ಲಿತ್ತು. ಈಗ ಕೊಡುತ್ತಿಲ್ಲ. ಪಾವು ಬೇಯಿಸುವ ಭಟ್ಟಿ ತಣ್ಣಗಿದೆ, ಒಳಗೆ ಬೆಕ್ಕು ಮರಿ ಹಾಕಿದೆ.

ಮನೆಯಲ್ಲಿ ಮಾಡಲು ಬರುತ್ತದೆ. ಮಾದೇವನ ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿ ಒಂದು ಉಂಡೆ ಕಳಿಸಿದ್ದೇನೆ. ಅದು ಹಳೆ ಹಿಟ್ಟು. ಪಾವು ಉಬ್ಬುವುದು ಅದರಿಂದಲೇ. ಗೋಧಿ ಹಿಟ್ಟಿಗೆ ಅದನ್ನು ಕಲಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಬೇಯಿಸಿ. ಬೇಯಿಸುವ ಮೊದಲು ಒಂದು ಲಿಂಬೆಹಣ್ಣಿನಷ್ಟು ತೆಗೆದಿಡಬೇಕು, ಅದು ಮುಂದಿನ ಸಲಕ್ಕೆ. ತೆಗೆದಿಡಲು ಮರೆತರೆ ಎಲ್ಲ ಮುಗಿದಂತೆ. ಅಂಗಡಿ ಮುಚ್ಚಿದರೂ ನಾನು ದಿನಾ ಒಂದು ಮುಷ್ಟಿ ಹಿಟ್ಟು ಹಾಕಿ ಅದನ್ನು ಉಳಿಸಿಕೊಂಡಿದ್ದೇನೆ. ಯಾಕೆಂದು ಕೇಳಬೇಡಿ.

ಮಗುವಿಗೆ ಮಾಡಲು ಕೊಡಿ. ತಾನು ನಾದಿದ್ದನ್ನು ಮಕ್ಕಳು ತಿನ್ನದೆ ಬಿಡುವುದಿಲ್ಲ.

ನತಾಲಿನ್

*

ಹೊಳನಗದ್ದೆ
೨೪ ಜನವರಿ ೧೯೪೪

ನತಾಲಿನ್ ಬಾಯಿಯವರಿಗೆ,

ಉಂಡೆ ತಲುಪಿತು. ನಾನು ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ತಪ್ಪು ಎಲ್ಲಿ ಎಂದು ತಿಳಿಸಿ.

ಎರಡು ಸೇರು ಗೋಧಿಯನ್ನು ಎಂಟು ಗಂಟೆ ನೆನೆಸಿದೆ. ಒರಳಲ್ಲಿ ನುಣ್ಣಗೆ ರುಬ್ಬಿದೆ. ನಿಮ್ಮ ಉಂಡೆಯನ್ನು ಕದಡಿ ರಾತ್ರಿಯಿಡೀ ಬಿಟ್ಟೆ. ಚೆನ್ನಾಗಿ ಉಬ್ಬಿತ್ತು. ಬೆಳಿಗ್ಗೆ ಬಾಳೆಲೆಗೆ ಹಾಕಿ ಉಗಿಯಲ್ಲಿ ಬೇಯಿಸಿದೆ. ಬಂದದ್ದು ಒದ್ದೆಯಾಗಿ, ಬೂದಿ ಬಣ್ಣವಾಗಿ, ಹಲ್ಲಿಗೆ ಅಂಟುವಂತಿತ್ತು. ಸುಮತಿ ಬೆರಳಿನಿಂದ ಒತ್ತಿ ನೋಡಿ, "ಆಯಿ, ಇದು ಪಾವಲ್ಲ. ಇದ್ಕೂ ಜ್ವರ ಬಂದಿದ್ದು" ಎಂದಳು. ತಿನ್ನಲಿಲ್ಲ.

ನೀವು ಹೇಳಿದಂತೆ ಲಿಂಬೆಹಣ್ಣಿನಷ್ಟು ತೆಗೆದಿಟ್ಟಿದ್ದೇನೆ. ಅಡಿಗೆಮನೆಯಲ್ಲಿ ಇಡಲು ಆಗುವುದಿಲ್ಲ. ಅತ್ತೆಯವರು ಪಾವನ್ನು ಕಿರಿಸ್ತಾನರ ರೊಟ್ಟಿ ಎನ್ನುತ್ತಾರೆ. ಔಷಧವೆಂದು ಹೊರಜಗಲಿಯಲ್ಲಿ ತಿನ್ನಿಸಲು ಬಿಟ್ಟಿದ್ದಾರೆ, ತಿಂದ ಮೇಲೆ ಮಗುವಿನ ಬಟ್ಟೆ ಬದಲಿಸಬೇಕು. ಆದ್ದರಿಂದ ಹಿಟ್ಟಿನ ಕುಡಿಕೆ ಬಚ್ಚಲಲ್ಲಿದೆ, ನೀರಿನ ಹಂಡೆಯ ಒಲೆಯ ಪಕ್ಕದಲ್ಲಿ.

ನಾನು ಬೇರೆ ದೇಶಗಳ ಕಾದಂಬರಿಗಳ ಅನುವಾದಗಳನ್ನು ಓದುತ್ತೇನೆ. ಅವುಗಳಲ್ಲಿ ಪುಟಪುಟಕ್ಕೂ ಜನ ರೊಟ್ಟಿ ಮುರಿದು ತಿನ್ನುತ್ತಾರೆ. ಅದನ್ನು ಹೇಗೆ ಮಾಡಿದರೆಂದು ಒಬ್ಬರೂ ಬರೆದಿಲ್ಲ.

ವನಮಾಲಾ

*

ಹೊನ್ನಾವರ
೨೯ ಜನವರಿ ೧೯೪೪

ಅಮ್ಮನವರಿಗೆ,

ಓದಿ ನಕ್ಕೆ, ಸಿಟ್ಟು ಮಾಡಬೇಡಿ. ನೀವು ಮಾಡಿದ್ದು ಪಾವಲ್ಲ, ಗೋಧಿಯ ಕಡುಬು. ತಪ್ಪು ನನ್ನದೇ. ಅಕ್ಕಿಯ ಮನೆಯವರಿಗೆ ಹುಳಿ ಬರಿಸುವುದೆಂದರೆ ನೆನೆಸಿ ರುಬ್ಬುವುದೇ ಎಂದು ನನಗೆ ಹೊಳೆಯಬೇಕಿತ್ತು. ಗೋಧಿಯನ್ನು ನೆನೆಸದೆ, ಒಣಗಿದ್ದನ್ನೇ ಬೀಸಿ. ತೆಳ್ಳಗಿನ ಬಟ್ಟೆಯಲ್ಲಿ ಮೂರು ಸಲ ಸೋಸಿ, ತೌಡು ದನಕ್ಕೆ ಹಾಕಿ. ಉಗುರುಬೆಚ್ಚಗಿನ ನೀರು, ಉಪ್ಪು, ಹಳೆ ಹಿಟ್ಟು. ನಾದಬೇಕು, ಕೈ ಸೋಲುವ ತನಕ. ಹದ ಬಂತೋ ಇಲ್ಲವೋ ನೋಡಲು ಕಿವಿಯ ಹಾಲೆ ಹಿಡಿದು ನೋಡಿ. ಹಿಟ್ಟೂ ಅಷ್ಟೇ ಮೆತ್ತಗಿರಬೇಕು. ಇದು ನಮ್ಮವರ ಪಾಠ.

ಭಟ್ಟಿ ಬೇಡ. ಭಟ್ಕಳದಲ್ಲಿ ನನ್ನ ಅಣ್ಣನ ಮನೆಯ ಹತ್ತಿರ ನವಾಯತ ಮುಸಲ್ಮಾನರ ಮನೆಯೊಂದರಲ್ಲಿ ಬೀಬಿಯವರು ದಪ್ಪ ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಸುರಿದು ಬೇಯಿಸುವುದನ್ನು ಚಿಕ್ಕವಳಿದ್ದಾಗ ನೋಡಿದ್ದೆ. ಮೇಲೆ ಹೆಚ್ಚು, ಕೆಳಗೆ ಕಡಿಮೆ. ಬೆಂದ ಮೇಲೆ ಪಾವಿನ ಅಡಿಯನ್ನು ಬೆರಳಿನಿಂದ ತಟ್ಟಿ. ಒಣಗಿದ ತೆಂಗಿನಕಾಯಿಯ ಶಬ್ದ ಬಂದರೆ ಆಯಿತು.

ಬಚ್ಚಲಲ್ಲಿ ಇಟ್ಟದ್ದು ಬಹಳ ಒಳ್ಳೆಯದಾಯಿತು. ಅದಕ್ಕೆ ಬೇಕಾದದ್ದು ಅದೇ ಬಿಸಿ. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಬೇಡ, ಹೇಳಬೇಡಿ.

ನತಾಲಿನ್

*

ಹೊಳನಗದ್ದೆ
೧೨ ಫೆಬ್ರವರಿ ೧೯೪೪

ನತಾಲಿನ್ ಬಾಯಿಯವರಿಗೆ,

ತಿಂದಳು.

ಮೊದಲ ಎರಡು ಸಲ ಅಡಿ ಸೀದು ಹೋಯಿತು. ಮೂರನೆಯ ಸಲ ಕೆಳಗಿನ ಕೆಂಡ ಅರ್ಧ ತೆಗೆದೆ. ಬಚ್ಚಲ ಒಲೆಯ ಕೆಂಡವನ್ನೇ ಬಳಸುತ್ತೇನೆ. ನಾದುವುದು ಸುಮತಿ. ನಿಲ್ಲಲು ಶಕ್ತಿಯಿಲ್ಲ, ಮಣೆಯ ಮೇಲೆ ಕುಳಿತು ಎರಡೂ ಮುಷ್ಟಿಯಿಂದ ಗುದ್ದುತ್ತಾಳೆ, ನಡುನಡುವೆ ಮಲಗಿ ದಣಿವಾರಿಸಿಕೊಳ್ಳುತ್ತಾಳೆ. ಕಿವಿಯ ಮಾತು ಹೇಳಿದ ದಿನದಿಂದ ಮನೆಗೆ ಬಂದವರ ಕಿವಿಗಳೆಲ್ಲ ಅವಳ ಕೈಯಲ್ಲಿವೆ. ಅತ್ತೆಯವರು ಹೊರಗೆ ಹೂಬತ್ತಿ ಹೊಸೆಯುತ್ತಿದ್ದಾಗ ಹಿಂದಿನಿಂದ ಹೋಗಿ ಹಿಡಿದಳು.

"ಯನ್ನ ಕಿವಿ ಎಂತಕ್ಕೆ ಹಿಡಿತೆ ಕೂಸೇ?"

"ಹಿಟ್ಟು ಹದ ಆತಾ ಹೇಳಿ ನೋಡ್ತಿ."

ಸ್ವಲ್ಪ ಹೊತ್ತು ನೋಡಿ, "ಅಜ್ಜಿ ಕಿವಿ ಬ್ಯಾಡ. ಅದು ಹೆಚ್ಚು ಹುಳಿ ಬಂದು ಜೋತು ಹೋಯ್ದು" ಎಂದು ಬಿಟ್ಟಳು. ಬತ್ತಿ ಹೊಸೆಯುತ್ತಿದ್ದ ಅತ್ತೆಯವರ ಕೈ ನಗುತ್ತಿತ್ತು.

ಪಾವನ್ನು ಪಾತ್ರೆಯಿಂದ ತೆಗೆದು ಅಡಿ ತಟ್ಟಿದ್ದು ಅವಳೇ. ಕಿವಿ ಇಟ್ಟು ಕೇಳಿ, ಮತ್ತೊಮ್ಮೆ ತಟ್ಟಿ, ಮುರಿದಳು. ಹಾಲು ಕೇಳಲಿಲ್ಲ. ಕಾಲು ಭಾಗ ತಿಂದಳು. ನಿಂತಿತು. ಹತ್ತು ದಿನಗಳಿಂದ ದಿನಾ ತಿನ್ನುತ್ತಿದ್ದಾಳೆ.

ಅವಳ ಪ್ರಶ್ನೆಗಳನ್ನು ಇನಾಸ್ ಮಾಮನಿಗೆ ಬರೆಯಬೇಕಂತೆ. ಒಂದು, ಪಾವಿನಲ್ಲಿ ತೂತು ಯಾಕೆ? ಎರಡು, ಹಿಟ್ಟಿನ ಒಳಗೆ ಯಾರಿದ್ದಾರೆ? ಮೂರು, ಇವತ್ತಿನ ಹಿಟ್ಟು ನಿನ್ನೆಯದರಿಂದ, ನಿನ್ನೆಯದು ಮೊನ್ನೆಯದರಿಂದ. ಹಾಗಾದರೆ, ಅವಳ ಮಾತಿನಲ್ಲೇ ಬರೆಯುತ್ತೇನೆ, "ಮೊದಲಿನ ಹಿಟ್ಟಿನ ಆಯಿ ಯಾರು?"

ಮೂರನೆಯದು ನನ್ನ ಪ್ರಶ್ನೆಯೂ ಹೌದು.

ವನಮಾಲಾ

*

ಹೊನ್ನಾವರ
೨೦ ಫೆಬ್ರವರಿ ೧೯೪೪

ವನಮಾಲಾ ಅಮ್ಮನವರಿಗೆ,

ನಿಮ್ಮ ಪತ್ರದ ಮೊದಲ ಮಾತನ್ನು ನಾಲ್ಕು ಸಲ ಓದಿದೆ. ಇಗರ್ಜಿಗೆ ಹೋಗಿ ಒಂದು ಮೇಣದಬತ್ತಿ ಹಚ್ಚಿ ಬಂದೆ.

ಸುಮತಿಗೆ ಹೇಳಿ, ಇನಾಸ್ ಮಾಮನ ಉತ್ತರ ಹೀಗೆ: ಹಿಟ್ಟು ರಾತ್ರಿಯಿಡೀ ಉಸಿರು ಕಟ್ಟಿಕೊಂಡಿರುತ್ತದೆ. ಬೆಂಕಿ ಕಂಡ ಕೂಡಲೇ ಬಿಟ್ಟುಬಿಡುತ್ತದೆ. ಬಿಟ್ಟ ಜಾಗವೇ ತೂತು. ಒಳಗೆ ಯಾರಿದ್ದಾರೆಂದು ನೋಡಲು ಮಾಮ ಒಮ್ಮೆ ಹಿಟ್ಟನ್ನು ಚಾಕುವಿನಿಂದ ಸೀಳಿ ಸೀಳಿ ನೋಡಿದ. ಅವತ್ತು ಪಾವು ಉಬ್ಬಲಿಲ್ಲ. ಒಳಗಿದ್ದವರು ನಾಚಿಕೊಂಡು ಹೋದರು ಎಂದ.

ಈಗ ಬಿಸಿಲು ಏರುತ್ತಿದೆ, ಹಿಟ್ಟಿಗೆ ನೀರು ಸ್ವಲ್ಪ ಕಡಿಮೆ ಮಾಡಿ.

ನತಾಲಿನ್

*

ಹೊಳನಗದ್ದೆ
೫ ಮಾರ್ಚ್ ೧೯೪೪

ನತಾಲಿನ್ ಬಾಯಿಯವರಿಗೆ,

ಬಳೆ ಈಗ ಮೊಣಕೈಗಿಂತ ಎರಡು ಬೆರಳು ಕೆಳಗೇ ನಿಲ್ಲುತ್ತದೆ. ನಿನ್ನೆ ಮೊದಲ ಸಲ ನಾಲ್ಕು ಅಗಳು ಅನ್ನ ತಿಂದಳು, ಪಾವಿನ ಜೊತೆ. ಈಗ ಅಕ್ಷರ ಕಲಿಯುತ್ತಿದ್ದಾಳೆ. ನಿಮ್ಮ ಪತ್ರದ ಮೇಲೆ ಬೆರಳಿಟ್ಟು ಓದುತ್ತಾಳೆ.

ನೀವು ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಬರೆದಿರಿ. ಮೂರನೆಯದನ್ನು ಅವಳು ಮರೆತಿಲ್ಲ, ನಾನೂ ಮರೆತಿಲ್ಲ. ಮೊಸರಿನ ಹೆಪ್ಪಿನ ಮೂಲವೂ ನನಗೆ ಗೊತ್ತಿಲ್ಲ ಎಂಬುದು ಇದರಿಂದಲೇ ತಿಳಿಯಿತು. ನಿಮಗೆ ತಿಳಿಯದಿದ್ದರೆ ಇನಾಸ್ ಅವರನ್ನೇ ಕೇಳಿ ಬರೆಯಿರಿ. ಅವರು ಊರಿನಲ್ಲಿಲ್ಲವಾದರೆ ಬಂದ ಮೇಲೆ ಬರೆದರೂ ಸಾಕು.

ವನಮಾಲಾ

*

ಹೊಳನಗದ್ದೆ
೨ ಏಪ್ರಿಲ್ ೧೯೪೪
(ಕಾರ್ಡು)

ನತಾಲಿನ್ ಬಾಯಿಯವರಿಗೆ,

ಮಾರ್ಚ್ ಐದರ ಪತ್ರಕ್ಕೆ ಉತ್ತರ ಬರಲಿಲ್ಲ. ಕೇಳಬಾರದ್ದನ್ನು ಕೇಳಿದೆನೇ? ಅಂಗಡಿಯವರ ಗುಟ್ಟಾಗಿದ್ದರೆ ಬೇಡ. ನೀವು ಕುಶಲವೆಂದು ಒಂದು ಸಾಲು ಬರೆದರೆ ಸಾಕು.

ವನಮಾಲಾ

*

ಹೊನ್ನಾವರ
೧೯ ಏಪ್ರಿಲ್ ೧೯೪೪

ವನಮಾಲಾ ಅಮ್ಮನವರಿಗೆ,

ನೀವು ಕೇಳಬಾರದ್ದನ್ನು ಕೇಳಲಿಲ್ಲ. ಹೇಳಬೇಕಾದ್ದನ್ನು ನಾನೇ ಹೇಳಿರಲಿಲ್ಲ. ಒಂದಲ್ಲ, ಎರಡು.

ಇನಾಸ್ ಇಲ್ಲ. ಡಿಸೆಂಬರ್ ಹದಿನಾಲ್ಕಕ್ಕೆ, ನಸುಕಿನಲ್ಲಿ ಭಟ್ಟಿಯಿಂದ ಎರಡನೇ ಸಲದ ಪಾವು ತೆಗೆಯುತ್ತ ಎದೆ ಹಿಡಿದುಕೊಂಡು ಕುಳಿತರು. ಅಷ್ಟೇ. ಆ ದಿನ ಮಾದೇವ ನಿಮ್ಮ ಮನೆಗೆ ತಂದದ್ದು ಅವರು ತೆಗೆದ ಕೊನೆಯ ಆರು ಪಾವು. ನಿಮ್ಮ ಮೊದಲ ಪತ್ರ ಅವರ ಹೆಸರಿಗೇ ಬಂತು, ಆಮೇಲಾದರೂ ಮಾದೇವ ನಿಮಗೆ ಹೇಳಿರಬಹುದೆಂದುಕೊಂಡೆ. ಕಾಯಿಲೆಯ ಮನೆಗೆ ಸಾವಿನ ಸುದ್ದಿ ಒಯ್ಯಬಾರದೆಂದು ಅವನು ಹೇಳಿರಲಿಲ್ಲ. ನಿಮ್ಮ ಮಗಳು "ಇನಾಸ್ ಮಾಮನಿಗೆ ಬರೆ" ಎಂದಾಗ ನನಗೆ ತಿಳಿಯಿತು. ಆಗ ಹೇಳಬಹುದಿತ್ತು. ಆದರೆ ಎರಡು ತಿಂಗಳಿಂದ ಯಾರೂ ಅವರನ್ನು ಏನೂ ಕೇಳಿರಲಿಲ್ಲ. ಬರೆದ ಉತ್ತರಗಳು ಸುಳ್ಳಲ್ಲ, ಅವರು ಆಡಿದ ಮಾತುಗಳೇ. ಹಿಟ್ಟನ್ನು ಸೀಳಿದ್ದೂ ನಿಜ, ಮದುವೆಯಾದ ಹೊಸತರಲ್ಲಿ.

ಎರಡನೆಯದು ಇನ್ನೂ ಕಷ್ಟ. ಮೊದಲ ಹಿಟ್ಟಿನ ತಾಯಿ ಸೇಂದಿ. ನಾವು ಸುರ್ ಎನ್ನುತ್ತೇವೆ. ಇಪ್ಪತ್ತೆರಡು ವರ್ಷದ ಹಿಂದೆ ಭಟ್ಟಿ ಕಟ್ಟಿದ ದಿನ, ಸೇಂದಿ ತೆಗೆಯುವ ಮಾಸ್ತಿ ಎಂಬವನು ತೆಂಗಿನ ಮರದಿಂದ ಇಳಿಸಿ ತಂದ ಒಂದು ಲೋಟ ಸೇಂದಿಗೆ ಅವರು ಹಿಟ್ಟು ಕಲಸಿದರು. ಆಮೇಲೆ ಹಾಕಿಲ್ಲ, ಹಳೆಯದರಿಂದಲೇ ನಡೆದು ಬಂದಿದೆ. ಹಾಗಾದರೂ ಮೂಲ ಅದೇ. ನಿಮ್ಮ ಮನೆ ಎಂಥದೆಂದು ನಿಮ್ಮ ಮೊದಲ ಪತ್ರದಲ್ಲೇ ಗೊತ್ತಾಗಿತ್ತು. ಹೇಳಿದರೆ ನೀವು ಉಂಡೆಯನ್ನು ಎಸೆಯುತ್ತಿದ್ದಿರಿ, ಮಗು ಉಪವಾಸ ಇರುತ್ತಿತ್ತು. ಅದಕ್ಕೇ ಹೇಳಲಿಲ್ಲ. ಇದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ಇನ್ನು ಎಸೆಯುವುದು, ಇಡುವುದು ನಿಮಗೆ ಬಿಟ್ಟದ್ದು. ಮಳೆಗಾಲಕ್ಕೆ ಭಟ್ಕಳಕ್ಕೆ ಅಣ್ಣನ ಮನೆಗೆ ಹೋಗುತ್ತೇನೆ. ವಿಳಾಸ ಕೆಳಗಿದೆ.

ನತಾಲಿನ್

*

ಹೊಳನಗದ್ದೆ
೨೪ ಜುಲೈ ೧೯೪೪

ನತಾಲಿನ್ ಬಾಯಿಯವರಿಗೆ,

ಮೂರು ತಿಂಗಳು ಬರೆಯಲಿಲ್ಲ. ಮೂರು ಸಲ ಬರೆದು ಹರಿದೆ. ಇನಾಸ್ ಅವರ ವಿಷಯಕ್ಕೆ ಏನು ಬರೆದರೂ ಸಣ್ಣದಾಗಿ ಕಾಣುತ್ತಿತ್ತು. ಎರಡನೆಯ ವಿಷಯಕ್ಕೆ ಏನು ಬರೆಯಬೇಕೆಂದೇ ಗೊತ್ತಾಗಲಿಲ್ಲ.

ಸಿಟ್ಟು ಬಂದಿತ್ತು. ಬಂದಿಲ್ಲ ಎಂದರೆ ಸುಳ್ಳಾಗುತ್ತದೆ. ಅತ್ತೆಯವರು ಊಟ ಮಾಡುವ ಮನೆಯಲ್ಲಿ ಸೇಂದಿಯ ಹಿಟ್ಟಿದೆ, ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು. ಪತ್ರವನ್ನು ಮಡಚಿ ಪುಸ್ತಕದೊಳಗೆ ಇಟ್ಟೆ. ಹಿಟ್ಟನ್ನು ಎಸೆಯಲಿಲ್ಲ. ಸುಮತಿ ಆಗ ದಿನಕ್ಕೆ ಒಂದು ಪಾವು ಪೂರ್ತಿ ತಿನ್ನುತ್ತಿದ್ದಳು. ಹೇಳಿಬಿಡೋಣವೆಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ.

ಮೊನ್ನೆ ಅಮಾವಾಸ್ಯೆಯಂದು ಸೂರ್ಯಗ್ರಹಣವಿತ್ತು. ನೀವು ಭಟ್ಕಳದಲ್ಲಿ ನೋಡಿದಿರೋ ಇಲ್ಲವೋ. ಇಲ್ಲಿ ಮಳೆ ಎಷ್ಟು ಹಿಡಿದಿತ್ತೆಂದರೆ ಸೂರ್ಯನೇ ಕಾಣಲಿಲ್ಲ, ಪಂಚಾಂಗ ನೋಡಿ ಹಿಡಿಯಿತು, ಬಿಟ್ಟಿತು ಎಂದುಕೊಂಡೆವು. ನಮ್ಮಲ್ಲಿ ಗ್ರಹಣದ ಮೊದಲು ಮನೆಯಲ್ಲಿರುವ ಬೇಯಿಸಿದ್ದು, ಕಲಸಿದ್ದು ಎಲ್ಲವನ್ನೂ ಹೊರಗೆ ಹಾಕಬೇಕು, ತುಂಬಿಟ್ಟ ನೀರನ್ನೂ ಚೆಲ್ಲಬೇಕು. ಉಳಿಸಿಕೊಳ್ಳಲೇಬೇಕಾದವು ಕೆಲವು ಇರುತ್ತವೆ: ಉಪ್ಪಿನಕಾಯಿ ಭರಣಿ, ತುಪ್ಪ, ಮೊಸರಿನ ಹೆಪ್ಪು. ಅವುಗಳ ಮೇಲೆ ಒಂದೊಂದು ಎಳೆ ದರ್ಭೆ ಇಡುತ್ತಾರೆ. ದರ್ಭೆಯಿದ್ದದ್ದಕ್ಕೆ ಗ್ರಹಣ ತಾಗುವುದಿಲ್ಲ. ಏನನ್ನು ಉಳಿಸಬೇಕು, ಏನನ್ನು ಚೆಲ್ಲಬೇಕು ಎಂಬುದನ್ನು ಹೇಳುವವರು ಅತ್ತೆಯವರು.

ಹಿಟ್ಟಿನ ಗತಿ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಹೇಳಬೇಕಾದದ್ದು ತಪ್ಪಿತೆಂದು ಸ್ವಲ್ಪ ಸಮಾಧಾನವೂ ಆಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಗ್ರಹಣ ಬಿಟ್ಟ ಮೇಲೆ ಸ್ನಾನಕ್ಕೆ ಬಚ್ಚಲಿಗೆ ಹೋದೆ. ಕುಡಿಕೆ ಇದ್ದಲ್ಲೇ ಇತ್ತು. ಅದರ ಬಾಯಿಯ ಬಟ್ಟೆಯ ಮೇಲೆ ಒಂದು ಎಳೆ ದರ್ಭೆ.

ಸುಮತಿಯನ್ನು ಕರೆದು ಕೇಳಿದೆ.

"ಆನು ಇಟ್ಟಿದ್ದಲ್ಲ. ಅಜ್ಜಿ ಇಟ್ಟದ್ದು."

ಅತ್ತೆಯವರು ಒದ್ದೆ ಸೀರೆ ಹರವುತ್ತಿದ್ದರು. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿ ತಿರುಗದೆಯೇ ಹೇಳಿದರು. "ಹೆಪ್ಪಿಗೂ ಇಟ್ಟಿ, ಅದ್ಕೂ ಇಟ್ಟಿ. ನಾಳೆ ಕೂಸು ಎಂತ ತಿಂಬದು?"

ಆಗ ನಾನು ಎಲ್ಲವನ್ನೂ ಹೇಳಲೇಬೇಕಾಯಿತು. "ಅದು ಸೇಂದಿಯಿಂದ ಹುಟ್ಟಿದ್ದು" ಎಂದೆ. ಅತ್ತೆಯವರು ಸೀರೆಯ ಅಂಚು ಎಳೆದು ಸರಿ ಮಾಡಿದರು.

"ಗೊತ್ತಿದ್ದು. ಕೂಸು ವೈಶಾಖದಲ್ಲೇ ಓದಿ ಹೇಳಿದ್ದು."

ನಡೆದದ್ದು ಇದು. ಸುಮತಿ ನನ್ನ ಪುಸ್ತಕದಲ್ಲಿ ನಿಮ್ಮ ಪತ್ರ ಕಂಡು, ಅಕ್ಷರ ಅಕ್ಷರವಾಗಿ ಅಜ್ಜಿಯ ಮುಂದೆ ಓದಿದ್ದಾಳೆ. "ಸೇಂದಿ ಅಂದ್ರೆ ಎಂತದು ಅಜ್ಜಿ?" ಎಂದು ಕೇಳಿದ್ದಾಳೆ. ಅಜ್ಜಿ, "ಮರದ ಮೇಲಿಂದ ಬಪ್ಪದು" ಎಂದಿದ್ದಾರೆ. ಮೊದಲ ಹಿಟ್ಟಿನ ಆಯಿ ಒಂದು ಮರ ಎಂದು ಮಗಳು ತೃಪ್ತಳಾಗಿದ್ದಾಳೆ. ಅತ್ತೆಯವರು ಈ ಮೂರು ತಿಂಗಳು ನನಗಿಂತ ನಿರಾಳವಾಗಿ ನಿದ್ದೆ ಮಾಡಿದ್ದಾರೆ.

ಒಂದು ಮಾತು ಮಾತ್ರ ಕೇಳಿದರು. "ಆ ಬಾಯಿ ಒಂದೇ ಇದ್ದಾ, ಮಕ್ಕೊ ಇದ್ವಾ?" ನನಗೆ ಗೊತ್ತಿರಲಿಲ್ಲ. ಏಳು ತಿಂಗಳು ಹಿಟ್ಟಿನ ಬಗ್ಗೆ ಎಲ್ಲವನ್ನೂ ಕೇಳಿ ನಿಮ್ಮ ಬಗ್ಗೆ ಏನನ್ನೂ ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ.

ವನಮಾಲಾ

*

ಭಟ್ಕಳ
೨೮ ಆಗಸ್ಟ್ ೧೯೪೪

ವನಮಾಲಕ್ಕ,

ಅಮ್ಮ ಎಂದು ಬರೆಯಲು ಇವತ್ತು ಕೈ ಬರಲಿಲ್ಲ. ನೀವು ನನಗಿಂತ ಚಿಕ್ಕವರೆಂದು ಮಾದೇವ ಹೇಳಿದ್ದಾನೆ, ಆದರೂ ಅಕ್ಕನೇ ಇರಲಿ.

ಮಕ್ಕಳಿಲ್ಲ. ಒಬ್ಬಳೇ. ಅಣ್ಣನ ಮಕ್ಕಳು ಏಳು ಜನ, ಅವರ ಗದ್ದಲ ಕೇಳಿ ಕೇಳಿ ಒಬ್ಬಳೇ ಇರುವುದೂ ಒಂದು ಸುಖ ಎನಿಸಿದೆ.

ಒಳ್ಳೆಯ ಸುದ್ದಿ. ಪರ್ಮಿಟ್ ನನ್ನ ಹೆಸರಿಗೆ ಆಗಿದೆ. ಇನ್ನು ಎರಡು ವಾರಕ್ಕೆ ಹೊನ್ನಾವರಕ್ಕೆ ಹೋಗಿ ಬೆಕ್ಕನ್ನು ಓಡಿಸಿ ಭಟ್ಟಿ ಹಚ್ಚಬೇಕು. ಪೇಟೆಯವರು, ಹೆಂಗಸು ಭಟ್ಟಿಯ ಮುಂದೆ ಎಷ್ಟು ದಿನ ನಿಲ್ಲುತ್ತಾಳೆ ನೋಡೋಣ ಎನ್ನುತ್ತಿದ್ದಾರಂತೆ.

ಕೆಟ್ಟ ಸುದ್ದಿ. ನಾನು ಹಿಟ್ಟನ್ನು ಇಲ್ಲಿಗೆ ತಂದಿದ್ದೆ. ಜುಲೈಯ ಮಳೆಗೆ ಬೂಷ್ಟು ಹಿಡಿಯಿತು. ಮೇಲಿನದನ್ನು ಕೆರೆದು ತೆಗೆದೆ, ಮತ್ತೆ ಹಿಡಿಯಿತು. ಮೂರನೇ ಸಲ ಪೂರ್ತಿ ಕಪ್ಪಾಯಿತು. ಹಿತ್ತಲಲ್ಲಿ ಹೂತು ಬಂದೆ. ಅವರನ್ನು ಹೂತ ದಿನ ನಾನು ಅಳಲಿಲ್ಲವೆಂದು ಜನ ಆಡಿಕೊಂಡಿದ್ದರು. ಈ ಸಲ ನೋಡಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು.

ಮಾಸ್ತಿ ದಂಡಿಗೆ ಸೇರಿ ಹೋಗಿದ್ದಾನೆ. ಬೇರೆ ಯಾರಿಂದಲೋ ಸೇಂದಿ ತರಿಸಿ ಹೊಸ ಹಿಟ್ಟು ಮಾಡಬಹುದು. ಪಾವು ಉಬ್ಬುತ್ತದೆ, ಅದಕ್ಕೇನೂ ತೊಂದರೆಯಿಲ್ಲ. ಆದರೆ ಅದು ಅವರು ಕಲಸಿದ್ದಲ್ಲ. ಅವರು ಕಲಸಿದ ಹಿಟ್ಟು ಈಗ ಇರುವುದು ಒಂದೇ ಕಡೆ, ನಿಮ್ಮ ಬಚ್ಚಲಲ್ಲಿ.

ಒಂದು ಲಿಂಬೆಹಣ್ಣಿನಷ್ಟು ಕೊಡುತ್ತೀರಾ? ಅತ್ತೆಯವರನ್ನು ಕೇಳಿ ಕೊಡಿ.

ನತಾಲಿನ್

*

ಹೊಳನಗದ್ದೆ
೧೪ ಸೆಪ್ಟೆಂಬರ್ ೧೯೪೪

ನತಾಲಿನ್ ಬಾಯಿಯವರಿಗೆ,

ಮಾದೇವನ ಕೈಯಲ್ಲಿ ಕಳಿಸಿದ್ದೇನೆ. ಲಿಂಬೆಹಣ್ಣಿನಷ್ಟಲ್ಲ, ತೆಂಗಿನಕಾಯಿಯಷ್ಟಿದೆ. ನಾದಿದ್ದು ಸುಮತಿ, ಈಗ ನಿಂತುಕೊಂಡೇ ನಾದುತ್ತಾಳೆ. ಕಟ್ಟಿದ್ದು ಅತ್ತೆಯವರು. ನಾನು ಕಟ್ಟಲು ಹೋದರೆ, "ನೀ ಸಡ್ಲ ಕಟ್ತೆ, ಹೊಳೆ ದಾರೀಲಿ ಬಿಚ್ಚಿ ಹೋಗ್ತು" ಎಂದು ಕೈಯಿಂದ ತೆಗೆದುಕೊಂಡರು. ಅವರು ಅದನ್ನು ಮುಟ್ಟಿದ್ದು ಇದೇ ಮೊದಲು. ಆಮೇಲೆ ಸ್ನಾನ ಮಾಡಿದರು, ಅದನ್ನು ಮುಚ್ಚಿಡುವುದಿಲ್ಲ.

ಬಳೆ ಬಿಗಿಯಾಗಿದೆ. ಶುಕ್ರವಾರ ಪೇಟೆಗೆ ಹೋಗಿ ದೊಡ್ಡದನ್ನು ತೊಡಿಸಬೇಕು.

ವನಮಾಲಾ

*

ಹೊನ್ನಾವರ
೧೯ ಸೆಪ್ಟೆಂಬರ್ ೧೯೪೪

ವನಮಾಲಕ್ಕ,

ಗಂಟು ಬಂತು. ಬಿಚ್ಚಲು ಅರ್ಧ ಗಂಟೆ ಬೇಕಾಯಿತು. ಅಷ್ಟು ಬಿಗಿ. ಮೂಸಿ ನೋಡಿದೆ. ಅದೇ ವಾಸನೆ, ಜೊತೆಗೆ ನಿಮ್ಮ ಬಚ್ಚಲ ಹೊಗೆ.

ಇವತ್ತು ನಸುಕಿಗೆ ಭಟ್ಟಿ ಹಚ್ಚಿದೆ. ಮೊದಲ ಸಲದ ನಲವತ್ತರಲ್ಲಿ ಹನ್ನೊಂದು ಸೀದವು. ಮೇಲೆ ಹೆಚ್ಚು, ಕೆಳಗೆ ಕಡಿಮೆ ಎಂದು ನಿಮಗೆ ಪಾಠ ಹೇಳಿದವಳೇ ಮರೆತೆ. ಸರಿಯಾದವುಗಳಲ್ಲಿ ಆರು ಮಾದೇವನ ಕೈಯಲ್ಲಿವೆ. ಸುಮತಿ ಅಡಿ ತಟ್ಟಿ ನೋಡಿ ಸರಿಯಿದೆಯೋ ಇಲ್ಲವೋ ಬರೆಯಲಿ. ಅವಳ ಕೈಯಿಂದಲೇ ಬರೆಯಲಿ.

ಒಂದು ಪ್ರಶ್ನೆ ನನ್ನದು. ಗಂಟಿನೊಳಗೆ, ಹಿಟ್ಟಿನ ಮೇಲೆ, ಒಂದು ಎಳೆ ಹುಲ್ಲಿತ್ತು. ಗ್ರಹಣವೇನೂ ಇಲ್ಲವಲ್ಲ ಎಂದು ಮಾದೇವನನ್ನು ಕೇಳಿದೆ. ಅವನಿಗೂ ಗೊತ್ತಿಲ್ಲ. ಹೊಸ ಹಿಟ್ಟು ಕಲಸಿದ ಮೇಲೆ ಅದನ್ನು ಮತ್ತೆ ಕುಡಿಕೆಯ ಮೇಲೆ ಇಟ್ಟಿದ್ದೇನೆ. ಎಷ್ಟು ದಿನ ಇಡಬೇಕೆಂದು ಅತ್ತೆಯವರನ್ನು ಕೇಳಿ ಬರೆಯಿರಿ. ಅಲ್ಲಿಯ ತನಕ ತೆಗೆಯುವುದಿಲ್ಲ.

ನತಾಲಿನ್